ತಮ್ಮ ಬಾಬ್ತು ಹಿತ್ತಲು

ಮನೆ ಕೊಳ್ಳುವುದು ಕಷ್ಟ ಎಂದು ಗೋಳಾಡುವವರಿಗೆಲ್ಲ ಕನ್ನಡ ಸರಿಯಾಗಿ ಬರುವುದಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯವಾಗಿತ್ತು. ಮನೆಪತ್ರ ಎಂದರೇನು? ಒಂದಿಷ್ಟು ಉದ್ದುದ್ದ ವಾಕ್ಯಗಳು. ಕರ್ತೃ ಎಲ್ಲಿದ್ದಾನೆ, ಕರ್ಮ ಎಲ್ಲಿದೆ, ಕ್ರಿಯಾಪದ ಯಾವ ಮೂಲೆಯಲ್ಲಿ ಅಡಗಿದೆ ಎಂದು ಹುಡುಕಿದರೆ ಮುಗಿಯಿತು. ತ್ಯಾವಣಿಗೆಯ ಹೈಸ್ಕೂಲಿನಲ್ಲಿ ಇಪ್ಪತ್ತಾರು ವರ್ಷದಿಂದ ನಾನು ಮಾಡುತ್ತಿರುವುದು ಇದೇ ಕೆಲಸ. ವ್ಯಾಕರಣ ಗೊತ್ತಿದ್ದವನಿಗೆ ವಕೀಲರು ಯಾಕೆ!

ಚನ್ನಗಿರಿಯಲ್ಲಿ ನಾವು ಬಾಡಿಗೆಗಿರುವ ಮನೆಯ ಮಾಲೀಕರು ದೇವರಂಥವರು. ಆದರೆ ಗೋಡೆಗೆ ಮೊಳೆ ಹೊಡೆಯಲು ಮಾತ್ರ ಬಿಡುವುದಿಲ್ಲ. ಇದಕ್ಕೆ ಮುಂಚಿನ ನಾಲ್ಕು ಮನೆಗಳ ಮಾಲೀಕರೂ ಇದೇ ದೇವರುಗಳೇ. ಹೀಗಾಗಿ ನನ್ನ ಹೆಂಡತಿ ಸರೋಜಳ ತಾಯಿಯ ಫೋಟೋ ಹತ್ತೊಂಬತ್ತು ವರ್ಷದಿಂದ ಅಕ್ಕಿ ಡಬ್ಬಿಗೆ ಒರಗಿಕೊಂಡು ನಿಂತಿದೆ. ಅಕ್ಕಿ ತೆಗೆಯುವಾಗಲೆಲ್ಲ ಸರೋಜ ಅವ್ವನನ್ನು ಪಕ್ಕಕ್ಕೆ ಸರಿಸಿ, ಮತ್ತೆ ಒರಗಿಸುತ್ತಾಳೆ. "ನನ್ನದು ಅಂತ ಒಂದು ಗೋಡೆ ಸಿಕ್ರೆ ಸಾಕು ಕಣ್ರೀ, ಮೊದ್ಲು ಒಂದು ಮೊಳೆ ಹೊಡಿತೀನಿ" ಎನ್ನುವುದು ಅವಳ ಏಕೈಕ ಬೇಡಿಕೆ. ಅದಕ್ಕಾಗಿ ಕಾಲು ಕೇಜಿ ಮೊಳೆಯನ್ನೂ ಆಗಲೇ ತಂದಿಟ್ಟುಕೊಂಡಿದ್ದಳು.

ಅಂಥ ಗೋಡೆಯೊಂದು ಕೊನೆಗೂ ಸಿಕ್ಕಿತು. ಹಳೇ ಪೇಟೆಯಲ್ಲಿ ನಾಲ್ಕು ಗೋಡೆಯ ಜೊತೆಗೆ ಹಿತ್ತಲು, ಹಿತ್ತಲಲ್ಲಿ ಬಚ್ಚಲುಮನೆ, ಸೇದೋ ಬಾವಿ, ಒಂದು ನಿಂಬೆಗಿಡ. ಮಾರುವವರು ಹಾಲಪ್ಪ. ಅವರದು ಹೊನ್ನಾಳಿಯಲ್ಲಿ ಪಾತ್ರೆ ಅಂಗಡಿ. ಈ ಮನೆ ಅವರ ಅಜ್ಜ ಬಸಪ್ಪನವರು ಕೊಂಡದ್ದು. ಕರಾರು ಆಯಿತು, ಮುಂಗಡ ಕೊಟ್ಟೆವು, ಮೂರು ತಿಂಗಳೊಳಗೆ ನೋಂದಣಿ ಎಂದು ಮಾತಾಯಿತು. ಬ್ಯಾಂಕಿನವರು ಸಾಲಕ್ಕೆ ನಮ್ಮಿಬ್ಬರ ಸಹಿಯನ್ನೂ ತೆಗೆದುಕೊಂಡು, "ಪತ್ರಗಳನ್ನ ನಮ್ಮ ವಕೀಲರು ನೋಡಬೇಕು, ಅವರು ಸರಿ ಐತೆ ಅಂದ್ರೆ ಸಾಲ" ಎಂದರು.

"ಅಲ್ರೀ, ಪತ್ರ ಕೊನೀಗೆ ಯಾರ ಹತ್ರ ಇರ್ತೈತೆ?" ಎಂದು ಸರೋಜ ಕೇಳಿದಳು.

"ಬ್ಯಾಂಕಿನಲ್ಲಿ. ಅದಕ್ಕೆ ಅಡಮಾನ ಅನ್ನುತ್ತಾರೆ" ಎಂದೆ.

"ಅಂದ್ರೆ ಕೊಂಡ ದಿನಾನೇ ಒತ್ತೆ ಇಡೋದು. ಹಂಗಾದ್ರೆ ಮನೆ ಯಾರದು?"

"ನಮ್ಮದೇ."

"ಮೊಳೆ ಹೊಡಿಬಹುದಾ?"

ಈ ಪ್ರಶ್ನೆಗೆ ಉತ್ತರ ನನಗೂ ಗೊತ್ತಿರಲಿಲ್ಲ. ನಾಳೆ ವಕೀಲರನ್ನು ಕೇಳುತ್ತೇನೆ ಎಂದೆ. ನನಗೆ ಮೊದಲಿನಿಂದಲೂ ಕುತೂಹಲ ಜಾಸ್ತಿ. ಗೊತ್ತಿಲ್ಲದ್ದನ್ನು ಕೇಳಿಯೇ ತೀರುವವನು ನಾನು. ಅಲ್ಲಿಗೇ ನಿಲ್ಲಿಸಿದ್ದರೆ ಈ ಬರಹದ ಅಗತ್ಯವೇ ಇರಲಿಲ್ಲ. ಗೊತ್ತಿದ್ದದ್ದನ್ನು ಹೇಳಲು ಹೋದದ್ದೇ ತಪ್ಪಾಯಿತು.

ಬ್ಯಾಂಕಿನ ವಕೀಲರ ಕಚೇರಿಗೆ ಹೋದರೆ ಕುರ್ಚಿಯಲ್ಲಿ ಕಾವ್ಯ! ಹತ್ತನೇ ಕ್ಲಾಸಿನಲ್ಲಿ ನನ್ನ ಶಿಷ್ಯೆ. ಕನ್ನಡದಲ್ಲಿ ಶಾಲೆಗೇ ಮೊದಲು ಬಂದ ಹುಡುಗಿ. ಎದ್ದು ನಿಂತು, "ಬರ್ರಿ ಸರ್, ಕೂಡ್ರಿ" ಎಂದಳು. ನನ್ನ ಎದೆ ಎರಡು ಇಂಚು ಉಬ್ಬಿತು. ನಾನು ಕೇಳಿದ ಪ್ರಶ್ನೆಗಳಿಗೆಲ್ಲ ತಾಳ್ಮೆಯಿಂದ ಉತ್ತರಿಸಿದಳು. ಮೊಳೆ ಹೊಡೆಯಬಹುದು. ಋಣಭಾರ ಪತ್ರ ಎಂದರೆ ಆ ಆಸ್ತಿಯ ಮೇಲೆ ಈ ಹಿಂದೆ ಯಾರ ಸಾಲ, ಯಾರ ಹಕ್ಕು ನೋಂದಣಿಯಾಗಿದೆ ಎಂದು ತೋರಿಸುವ ಕಾಗದ. ಮೂಲಪತ್ರ ಎಂದರೆ ಬಸಪ್ಪನವರಿಗೆ ಮನೆ ಬಂದ ಮೊದಲ ಕ್ರಯಪತ್ರ. ಚೆಕ್ಕುಬಂದಿ ಎಂದರೆ ಮನೆಯ ನಾಲ್ಕು ದಿಕ್ಕಿಗೆ ಯಾರ್ಯಾರದು ಏನೇನಿದೆ ಎಂಬ ವಿವರ.

"ಎಲ್ಲಾ ಸರಿ ಐತೆ ಸರ್. ಇನ್ನೊಂದು ವಾರದಲ್ಲಿ ಬ್ಯಾಂಕಿಗೆ ಅಭಿಪ್ರಾಯ ಬರೆದು ಕೊಡ್ತೀನಿ" ಎಂದಳು.

"ಮೂಲಪತ್ರದ ಒಂದು ಜೆರಾಕ್ಸ್ ನನಗೂ ಕೊಡಮ್ಮ. ಸುಮ್ಮನೆ ಕುತೂಹಲಕ್ಕೆ" ಎಂದೆ.

ಕೊಟ್ಟಳು ಪಾಪ.

ಮನೆಗೆ ಬಂದು ಕನ್ನಡಕ ಒರೆಸಿಕೊಂಡು ಕೂತೆ. ಕೈಬರಹದ ಹಳೆಯ ಪತ್ರ. ಮೊದಲ ಎರಡು ಪುಟ ಮಸುಕು ಮಸುಕು. ಹೇಗಿದ್ದರೂ ಅದು ಬರೀ ಒಕ್ಕಣೆ. ನಾನು ಪಾಠ ಮಾಡುವ ಪತ್ರಲೇಖನದಲ್ಲಿ ಒಕ್ಕಣೆಗೆ ಎರಡೇ ಅಂಕ. ಬಿಟ್ಟೆ. ನೇರವಾಗಿ ಚೆಕ್ಕುಬಂದಿಗೆ ಬಂದೆ. ಪೂರ್ವಕ್ಕೆ ಸರ್ಕಾರಿ ರಸ್ತೆ. ಪಶ್ಚಿಮಕ್ಕೆ ಓಣಿ. ದಕ್ಷಿಣಕ್ಕೆ ಗುಡಿ. ಉತ್ತರಕ್ಕೆ: "ತಮ್ಮ ಬಾಬ್ತು ಹಿತ್ತಲು."

ತಮ್ಮ!

ಬಾಬ್ತು ಎಂದರೆ ಸೇರಿದ್ದು ಎಂದು ನನಗೆ ಗೊತ್ತು. ಅಂದರೆ ಹಿತ್ತಲು ಬಸಪ್ಪನವರದಲ್ಲ. ಅವರ ತಮ್ಮನದು! ಆದರೆ ಈಗಿನ ಖಾತೆಯಲ್ಲಿ ಮನೆ, ಹಿತ್ತಲು ಎರಡೂ ಒಟ್ಟಿಗೇ ಇವೆ. ಹಾಗಾದರೆ ಆ ತಮ್ಮ ಎಲ್ಲಿ ಹೋದ? ಅವನ ಪಾಲು ಏನಾಯಿತು? ಅವನ ಮಕ್ಕಳು, ಮೊಮ್ಮಕ್ಕಳು? ನಾಳೆ ನಾನು ಬಚ್ಚಲಲ್ಲಿ ಮೈಗೆ ಸೋಪು ಹಚ್ಚಿಕೊಂಡಿರುವಾಗ ಬಾಗಿಲು ಬಡಿದು "ಇದು ನಮ್ಮಜ್ಜನ ಜಾಗ" ಎಂದರೆ?

"ಏನ್ರೀ ಅದು, ಹಂಗೆ ಬೆವರ್ತಿದೀರಿ? ಆ ಕಾಗದ ನನಗೂ ತೋರಿಸ್ರಿ" ಎಂದಳು ಸರೋಜ.

"ಇದು ಹಳಗಾಲದ ಭಾಷೆ. ನಿನಗೆ ಅರ್ಥವಾಗುವುದಿಲ್ಲ" ಎಂದೆ.

ಮರುದಿನವೇ ಕಾವ್ಯಳಿಗೆ ಒಂದು ಪತ್ರ ಬರೆದೆ. ಬಾಯಿಮಾತಿನಲ್ಲಿ ಹೇಳಬಹುದಿತ್ತು. ಆದರೆ ಇಂಥ ಸಂಶೋಧನೆಗಳು ದಾಖಲಾಗಬೇಕು ತಾನೆ? "ಮಾನ್ಯರೇ, ಮೂಲಪತ್ರದ ಚೆಕ್ಕುಬಂದಿಯಲ್ಲಿ ಉತ್ತರ ದಿಕ್ಕಿಗೆ 'ತಮ್ಮ ಬಾಬ್ತು ಹಿತ್ತಲು' ಎಂದಿರುತ್ತದೆ. ಇಲ್ಲಿ 'ತಮ್ಮ' ಎಂಬ ನಾಮಪದಕ್ಕೆ ಹತ್ತಬೇಕಾದ ಷಷ್ಠೀ ವಿಭಕ್ತಿ ಪ್ರತ್ಯಯವು ಬರೆದವರ ಅಜ್ಞಾನದಿಂದ ಲೋಪವಾಗಿದ್ದು, ಅದನ್ನು 'ತಮ್ಮನ' ಎಂದು ಓದಿಕೊಳ್ಳತಕ್ಕದ್ದು. ಆದ್ದರಿಂದ ಸದರಿ ಬಸಪ್ಪನವರಿಗೆ ಒಬ್ಬ ತಮ್ಮನಿದ್ದನೆಂಬುದು ವ್ಯಾಕರಣರೀತ್ಯಾ ಸಿದ್ಧವಾಗುತ್ತದೆ." ಕೆಳಗೆ ಸಹಿ, ಪದನಾಮ, ಶಾಲೆಯ ಮೊಹರು. ಬ್ಯಾಂಕಿಗೂ ಒಂದು ಪ್ರತಿ ಕಳಿಸಿದೆ!

ಕಾವ್ಯ ಪತ್ರವನ್ನು ಎರಡು ಸಲ ಓದಿದಳು. "ಆ ಸಾಲು ನನಗೆ ಸರಿಯಾಗಿ ಕಂಡಿರ್ಲಿಲ್ಲ ಸರ್. ಖಾತೆಯಲ್ಲಿ ಹಿತ್ತಲು ಸೇರೈತಲ್ಲ ಅಂತ ಮುಂದಕ್ಕೆ ಹೋಗಿದ್ದೆ. ಈಗ ನೀವೇ ವ್ಯಾಕರಣ ಹಚ್ಚಿ ಬರೆದು ಕೊಟ್ಟ ಮೇಲೆ ನಾನು ಹೆಂಗೆ ಕಣ್ಣು ಮುಚ್ಚಲಿ? ನೀವು ಕಲಿಸಿದ ವಿಭಕ್ತಿಯಲ್ಲಿ ತಪ್ಪು ಇರಾಕೆ ಸಾಧ್ಯನಾ?" ಎಂದಳು.

"ಸಾಧ್ಯವೇ ಇಲ್ಲ" ಎಂದೆ ನಾನು.

"ಹಂಗಾದ್ರೆ ಹಾಲಪ್ಪನವರ ವಂಶವೃಕ್ಷ ಬೇಕು. ಆ ತಮ್ಮನ ಕಡೆಯವರು ಯಾರಿದ್ರೂ ಅವರ ಒಪ್ಪಿಗೆ ಸಹಿ ಬೇಕು. ಅಲ್ಲೀತನಕ ಬ್ಯಾಂಕು ಸಾಲ ಕೊಡಲ್ಲ."

ಹೋಗಲಿ, ಸತ್ಯಕ್ಕೆ ಸ್ವಲ್ಪ ತಡವಾಗುತ್ತದೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡು ಹೊನ್ನಾಳಿ ಬಸ್ಸು ಹತ್ತಿದೆ.

ಹಾಲಪ್ಪ ಪಾತ್ರೆಗಳ ಮಧ್ಯೆ ಕೂತು ನನ್ನ ಮಾತು ಕೇಳಿದರು. ಅವರ ಕೈಯಲ್ಲಿದ್ದ ಚೊಂಬು ಅಲ್ಲೇ ನಿಂತಿತು.

"ನಮ್ಮಜ್ಜಗೆ ತಮ್ಮನಾ? ನಾನಂತೂ ಕೇಳಿಲ್ಲ ಮೇಷ್ಟ್ರೆ."

"ಪತ್ರದಲ್ಲಿದೆ ಹಾಲಪ್ಪನವರೇ. ಕಪ್ಪು ಬಿಳುಪಲ್ಲಿ ಇದೆ."

"ಇರಬೈದೇನಪ. ಅಜ್ಜ ಭಾಳ ಮಾತಾಡ್ತಿರ್ಲಿಲ್ಲ" ಎಂದು ಅವರೂ ಯೋಚನೆಗೆ ಬಿದ್ದರು. ಕುತೂಹಲ ಅಂಟುರೋಗ. ಅರ್ಧ ಗಂಟೆಯಲ್ಲಿ ಅಂಗಡಿಯನ್ನು ಹೆಂಡತಿಗೆ ಒಪ್ಪಿಸಿ, "ನಡೀರಿ, ನ್ಯಾಮತಿಯಾಗೆ ನಮ್ಮ ಅತ್ತೆ ಅದಾಳೆ. ನಮ್ಮಪ್ಪನ ಅಕ್ಕ. ಮನೆತನದ ಹಳೇ ಸುದ್ದಿ ಎಲ್ಲಾ ಆಕೀಗೇ ಗೊತ್ತು" ಎಂದು ಹೊರಟೇಬಿಟ್ಟರು.

ನ್ಯಾಮತಿಯ ಅತ್ತೆಗೆ ತೊಂಬತ್ತರ ಆಸುಪಾಸು. ಹಲ್ಲಿಲ್ಲ, ಕಿವಿ ಮಂದ. ಕುಟ್ಟಾಣಿಯಲ್ಲಿ ಎಲೆ ಅಡಿಕೆ ಕುಟ್ಟಿ ಬಾಯಿಗೆ ಹಾಕಿಕೊಂಡು ಕೂತಿದ್ದರು. ಹಾಲಪ್ಪ ಅವರ ಕಿವಿಗೆ ಬಾಯಿ ಹಚ್ಚಿ ಕೂಗಿದರು.

"ಅತ್ತೇ! ಚನ್ನಗಿರಿ ಮನೆ! ತಮ್ಮ! ತಮ್ಮ ಒಬ್ಬ ಇದ್ದನಾ?"

"ಇದ್ದ. ಇಲ್ದೆ ಏನು?" ಎಂದರು ಅಜ್ಜಿ. ನಾನು ಹಾಲಪ್ಪನವರ ತೊಡೆ ಚಿವುಟಿದೆ. "ಭಾಳ ಸಿಟ್ಟಿನೋನು. ಉಣ್ಣಾಕೆ ಕುಂತೋನು ರೊಟ್ಟಿ ಬಿಟ್ಟು ಎದ್ದ. ಹಿತ್ಲು ಬಾಗ್ಲಿಂದ ಹೋದ."

ಹಿತ್ತಲು! ಸಾಕ್ಷಿ ಸಿಕ್ಕಿತು!

"ಎಲ್ಲಿಗೆ ಹೋದ ಅತ್ತೇ?"

ಅಜ್ಜಿ ಬಾಯಿ ತುಂಬ ಇದ್ದ ಎಲೆಅಡಿಕೆಯನ್ನು ಒಂದು ದವಡೆಗೆ ದಾಟಿಸಿ ಏನೋ ಹೇಳಿದರು. ನಮ್ಮಿಬ್ಬರಿಗೂ ಕೇಳಿಸಿದ್ದು ಒಂದೇ: "ಜಗಳೂರಿಗೆ ಹೋದ."

ಒಂದು ಪ್ರತ್ಯಯದ ಲೋಪದಿಂದ ಮರೆತುಹೋದ ಮನುಷ್ಯನೊಬ್ಬನನ್ನು ನಾನು ಪತ್ತೆಹಚ್ಚಿದ್ದೆ! ಮನೆಗೆ ಬಂದು ಸರೋಜಳಿಗೆ ಹೇಳಿದೆ. ಅವಳು ಮುಖ ಊದಿಸಿಕೊಂಡು ಚಪಾತಿ ಲಟ್ಟಿಸುತ್ತಿದ್ದಳು.

"ಕರಾರಿನ ಅವಧಿ ಇನ್ನ ಇಪ್ಪತ್ತು ದಿನ ಐತೆ. ನೀವು ಮನೆ ಕೊಳ್ಳಾಕೆ ಹೊಂಟೀರೋ, ಕಳೆದುಹೋದೋರನ್ನ ಹುಡುಕಾಕೆ ಹೊಂಟೀರೋ? ಆ ಕಾಗದ ಒಂದ್ಸಲ ತೋರಿಸ್ರಿ ಅಂದ್ರೆ ತೋರಿಸಲ್ಲ."

"ಜಗಳೂರಿನಿಂದ ಬಂದ ಮೇಲೆ ತೋರಿಸುತ್ತೇನೆ" ಎಂದೆ.

ಭಾನುವಾರ ದಾವಣಗೆರೆಯಲ್ಲಿ ಬಸ್ಸು ಬದಲಿಸಿ ಜಗಳೂರಿಗೆ ಹೋಗಿ ಇಳಿದೆ. ಬಿಸಿಲು ನೆತ್ತಿಯ ಮೇಲಿತ್ತು. ಊರಿಗೆ ಊರೇ ಅಪರಿಚಿತ. ಬಸ್‌ಸ್ಟ್ಯಾಂಡಿನ ಎದುರಿನ ಚಹಾ ಅಂಗಡಿಯಲ್ಲಿ ಕೂತು, "ಇಲ್ಲಿ ಬಹಳ ಹಿಂದೆ ಚನ್ನಗಿರಿ ಕಡೆಯಿಂದ ಸಿಟ್ಟು ಮಾಡಿಕೊಂಡು ಬಂದವರು ಯಾರಾದರೂ ಇದ್ದರೇ?" ಎಂದು ವಿಚಾರಿಸಿದೆ. ಸಂಶೋಧನಾ ವಿಧಾನದ ದೃಷ್ಟಿಯಿಂದ ಇದು ಅಷ್ಟು ಒಳ್ಳೆಯ ಪ್ರಶ್ನೆಯಲ್ಲ ಎಂದು ಈಗ ಅನ್ನಿಸುತ್ತದೆ.

ಪಕ್ಕದಲ್ಲಿ ಕೂತಿದ್ದ ಕುರಿ ವ್ಯಾಪಾರಿ ತಿಪ್ಪೇಸ್ವಾಮಿ ಎಂಬವರು ಲೋಟ ಕೆಳಗಿಟ್ಟರು. "ನಮ್ಮಜ್ಜಾನೂ ಎಲ್ಲಿಂದಾನೋ ಬಂದೋನು ಅಂತಾರೆ ಸರ್."

"ಸಿಟ್ಟಿನವರೇ?"

"ಏನ್ ಕೇಳ್ತೀರಿ! ಇಡೀ ಊರಾಗೆ ಅಂಥ ಸಿಟ್ಟು ಯಾರಿಗೂ ಇರ್ಲಿಲ್ಲ."

"ರೊಟ್ಟಿ ಬಿಟ್ಟು ಎದ್ದವರೇ?"

"ಸಾರಿಗೆ ಉಪ್ಪು ಕಡಿಮೆ ಆದ್ರೆ ತಟ್ಟೇನೇ ಬಿಸಾಕ್ತಿದ್ನಂತೆ."

ಇನ್ನೇನು ಬೇಕು? ತಿಪ್ಪೇಸ್ವಾಮಿ ನನ್ನನ್ನು ಮನೆಗೆ ಕರೆದುಕೊಂಡು ಹೋಗಿ, ಅಂಗಳದಲ್ಲಿ ಒಣಹಾಕಿದ್ದ ಮೆಕ್ಕೆಜೋಳ ಸರಿಸಿ ಕೂರಿಸಿ, ಹೊಟ್ಟೆ ತುಂಬ ಊಟ ಹಾಕಿಸಿದರು. ಆಮೇಲೆ ಕೇಳಿದರು, "ಸಹಿ ಮಾಡ್ತೀವಿ ಸರ್, ಅದಕ್ಕೇನು. ಹಿತ್ಲು ಎಷ್ಟು ದೊಡ್ಡದೈತೆ?"

ಅಷ್ಟರಲ್ಲಿ ಸುದ್ದಿ ಹಬ್ಬಿ, ಸಿಟ್ಟಿನ ಅಜ್ಜಂದಿರನ್ನು ಹೊಂದಿದ್ದ ಇನ್ನೂ ಮೂರು ಜನ ಬಂದು ಕಟ್ಟೆಯ ಮೇಲೆ ಕೂತಿದ್ದರು. ನಾನು ಸಾಕ್ಷ್ಯ, ಪರಿಶೀಲನೆ, ವಂಶವೃಕ್ಷ ಎಂದೆಲ್ಲ ತೊದಲುತ್ತಿರುವಾಗಲೇ ತಿಪ್ಪೇಸ್ವಾಮಿ ನನ್ನಿಂದ ಹಾಲಪ್ಪನವರ ನಂಬರು ಪಡೆದು ಫೋನು ಹಚ್ಚಿಯೇಬಿಟ್ಟರು. "ಅಣ್ಣಾ! ನಾನು ನಿಮ್ಮ ತಮ್ಮ, ಜಗಳೂರಿಂದ! ಹಿತ್ಲಾಗೆ ಬಾವಿ ಬ್ಯಾರೆ ಐತಂತಲ್ಲ?"

ನಾನು ಬಸ್ಸಿನಲ್ಲಿ ವಾಪಸ್ ಬರುವಾಗ ಹಾಲಪ್ಪ ಫೋನು ಮಾಡಿದರು. ಅವರ ಧ್ವನಿ ಪಕ್ಕದ ಸೀಟಿನವರಿಗೂ ಕೇಳುತ್ತಿತ್ತು.

"ಮೇಷ್ಟ್ರೆ! ಮನೆ ಕೊಳ್ಳಾಕೆ ಬಂದು ನನಗೇ ಪಾಲುದಾರರನ್ನ ಹುಡುಕಿ ಕೊಡ್ತೀರಾ? ನಾನು ಮತ್ತೆ ಅತ್ತೆ ಹತ್ರ ಹೋಗಿದ್ದೆ. ಬಾಯಿ ಮುಕ್ಕಳಿಸಿ ಹೇಳಿದ್ಲು. ಆಕಿ ಅಂದಿದ್ದು 'ಜಗಳಾಡಿ ಊರಿಗೆ ಹೋದ' ಅಂತ. ಆಕಿ ತಮ್ಮ! ಅಂದ್ರೆ ನಮ್ಮಪ್ಪ! ಆಕಿ ಜೊತೆ ಜಗಳಾಡಿ ಹೊನ್ನಾಳಿಗೆ ಬಂದಿದ್ನಂತೆ! ನಮ್ಮಜ್ಜಗೆ ತಮ್ಮಾನೂ ಇಲ್ಲ, ತಂಗೀನೂ ಇಲ್ಲ. ಈ ಮನೆ ಸಹವಾಸಾನೇ ಬ್ಯಾಡ. ನಿಮ್ಮ ಮುಂಗಡ ವಾಪಸ್ ತಗಂಡು ಹೋಗ್ರಿ!"

ಫೋನು ಇಟ್ಟುಬಿಟ್ಟರು.

ಮನೆಗೆ ಬಂದು ಸರೋಜಳಿಗೆ ಹೇಳಿದಾಗ ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಒಳಗೆ ಹೋಗಿ, ಅಕ್ಕಿ ಡಬ್ಬಿಯ ಮುಂದಿದ್ದ ಅವ್ವನ ಫೋಟೋವನ್ನು ಸೆರಗಿನಿಂದ ಒರೆಸಿ, ಅಲ್ಲೇ ಒರಗಿಸಿದಳು. ಮೊಳೆಯ ಪೊಟ್ಟಣವನ್ನು ಎತ್ತಿ ಅಟ್ಟದ ಮೇಲೆ ಇಟ್ಟಳು. ನನಗೆ ನಿಜಕ್ಕೂ ಸಂಕಟವಾಯಿತು.

ಮರುದಿನ ಬೆಳಿಗ್ಗೆ ಅವಳೇ ಬಂದು ಕೈ ಚಾಚಿದಳು. "ಮನೆಯಂತೂ ಹೋಯ್ತು. ಈಗಾದ್ರೂ ಆ ಕಾಗದ ಕೊಡ್ರಿ. ನನ್ನ ಮನೆ ತಿಂದ ಆ ತಮ್ಮ ಹೆಂಗದಾನೆ ನೋಡ್ತೀನಿ."

ಕೊಟ್ಟೆ. ಅವಳು ಕಿಟಕಿಯ ಹತ್ತಿರ ಹೋಗಿ, ಮಸುಕಾಗಿದ್ದ ಮೊದಲ ಪುಟದಿಂದ ಶುರುಮಾಡಿದಳು. ಬೆರಳಿಟ್ಟು, ಅಕ್ಷರ ಅಕ್ಷರ ಕೂಡಿಸಿ. ನಾನು ಬಿಟ್ಟ ಒಕ್ಕಣೆ! ಕಾಲು ಗಂಟೆಯಾಯಿತು. ಕೊನೆಯ ಪುಟಕ್ಕೆ ಬಂದಳು. ಮತ್ತೆ ಮೊದಲ ಪುಟಕ್ಕೆ ಹೋದಳು. ಆಮೇಲೆ ಟೀವಿ ಪಕ್ಕದಲ್ಲಿದ್ದ ಒಂದು ಮದುವೆ ಕಾಗದ ತಂದು ನನ್ನ ಮುಂದೆ ಹಿಡಿದಳು.

"ಕೆಳಗಿನ ಸಾಲು ಓದ್ರಿ."

"ತಮ್ಮ ಆಗಮನವನ್ನು ಬಯಸುವ..." ಎಂದು ಓದಿದೆ.

"ಯಾರ ತಮ್ಮ ಬರಬೇಕಂತೆ?"

ನಾನು ಕನ್ನಡಕ ಏರಿಸಿ ಆ ಸಾಲನ್ನು ಇನ್ನೊಮ್ಮೆ ಓದಿದೆ.

"ಇಲ್ಲಿ ವಿಭಕ್ತಿ ಬಿಟ್ಟು ಹೋಗಿಲ್ವಾ? ಬರೆದೋರ ಅಜ್ಞಾನ ಅಲ್ವಾ?" ಎಂದು ಮೊದಲ ಪುಟವನ್ನು ನನ್ನ ಮೂಗಿಗೆ ಹಿಡಿದಳು. "ಇಲ್ನೋಡ್ರಿ. 'ಬಸಪ್ಪನವರಾದ ತಮಗೆ ಬರೆದುಕೊಟ್ಟ ಶುದ್ಧ ಕ್ರಯಪತ್ರ.' ಮನೆ ಮಾರಿದೋನು ಬಸಪ್ಪನವರಿಗೆ ಮರ್ಯಾದೆ ಕೊಟ್ಟು ಬರೆದಾನೆ. ತಮಗೆ, ತಮ್ಮಿಂದ, ತಮ್ಮ! ಉತ್ತರಕ್ಕೆ ತಮ್ಮ ಬಾಬ್ತು ಹಿತ್ತಲು ಅಂದ್ರೆ ಬಸಪ್ಪನವರದೇ ಹಿತ್ತಲು. ಮೊದಲೇ ಅವರದಿತ್ತು, ಆಮೇಲೆ ಪಕ್ಕದ ಮನೆ ಕೊಂಡಾರೆ. ಅಷ್ಟೇ!"

ಅಷ್ಟೇ! ತಾವು, ತಮಗೆ, ತಮ್ಮ. ಗೌರವಸೂಚಕ ಸರ್ವನಾಮ. ಎಂಟನೇ ಕ್ಲಾಸಿನ ಪಾಠ. ಕಳೆದ ತಿಂಗಳಷ್ಟೇ ಅದರ ಮೇಲೆ ಕಿರುಪರೀಕ್ಷೆ ಕೊಟ್ಟು, ತಪ್ಪು ಬರೆದ ಹನ್ನೊಂದು ಮಕ್ಕಳನ್ನು ನಿಲ್ಲಿಸಿದ್ದೆ.

ಕಾವ್ಯಳ ಕಚೇರಿಗೆ ಇಬ್ಬರೂ ಹೋದೆವು. ಸರೋಜ ವಿವರಿಸಿದಳು, ನಾನು ಗೋಡೆಯ ಕ್ಯಾಲೆಂಡರು ನೋಡುತ್ತ ನಿಂತೆ. ಕಾವ್ಯ ಮೊದಲು ತನ್ನ ಹಣೆಯನ್ನೇ ಬಡಿದುಕೊಂಡಳು. "ನಾನೂ ಮೊದ್ಲ ಪುಟ ನೆನಪಿಟ್ಕಬೇಕಿತ್ತು ಸರ್. ನೀವು ಹೇಳಿದ್ರಿ ಅಂತ ಯೋಚನೆ ಮಾಡೋದೇ ಬಿಟ್ಟೆ" ಎಂದಳು. ಆಮೇಲೆ ಮೆಲ್ಲಗೆ, "ಪ್ರಶ್ನೆ ಪೂರ್ತಿ ಓದಿ ಉತ್ತರ ಬರೀರಿ ಅಂತ ನೀವೇ ಹೇಳ್ತಿದ್ರಿ ಸರ್" ಎಂದೂ ಸೇರಿಸಿದಳು. ಒಳ್ಳೆಯ ಶಿಷ್ಯರು ಏನನ್ನೂ ಮರೆಯುವುದಿಲ್ಲ.

ಇನ್ನು ಹಾಲಪ್ಪ. ಹೊನ್ನಾಳಿಯ ಪಾತ್ರೆ ಅಂಗಡಿಯಲ್ಲಿ ನಾನು ಕೈ ಮುಗಿದು ನಿಂತೆ. ಅವರು ನನ್ನ ಕಡೆ ನೋಡಲೇ ಇಲ್ಲ. ಸರೋಜಳ ಮಾತನ್ನು ಕೇಳಿದರು. ಅಕ್ಕಿ ಡಬ್ಬಿ, ಅವ್ವನ ಫೋಟೋ, ಮೊಳೆ ಎಲ್ಲವನ್ನೂ ಕೇಳಿದರು. ಒಂದು ಸ್ಟೀಲ್ ತಟ್ಟೆಯನ್ನು ಬಟ್ಟೆಯಿಂದ ಬಹಳ ಹೊತ್ತು ಒರೆಸಿ, ಕೊನೆಗೆ, "ಆತು ಅಮ್ಮಾರೆ. ಆದ್ರೆ ಒಂದು ಶರತ್ತು. ಮನೆ ನಿಮ್ಮ ಹೆಸರಿಗೆ ಬರೆದುಕೊಡ್ತೀನಿ. ಮೇಷ್ಟ್ರ ಹೆಸರಿಗೆ ಬ್ಯಾಡ" ಎಂದರು.

"ಯಾಕೆ ಹಾಲಪ್ಪನವರೇ?" ಎಂದೆ. ಕುತೂಹಲ ಹುಟ್ಟುಗುಣ, ಸುಟ್ಟರೂ ಹೋಗುವುದಿಲ್ಲ.

"ನಿಮ್ಮ ಹೆಸರಿಗೆ ಬರೆದ್ರೆ ನೀವು ಅದನ್ನ ಓದ್ತೀರಿ."

ಬ್ಯಾಂಕಿನವರಿಗೆ ಅಡ್ಡಿಯೇನೂ ಇರಲಿಲ್ಲ. ಸಾಲಕ್ಕೆ ಇಬ್ಬರ ಸಹಿಯೂ ಇತ್ತಲ್ಲ. ಮನೆ ಅವಳ ಹೆಸರಿಗೆ, ಕಂತು ನನ್ನ ಸಂಬಳಕ್ಕೆ! ಜಗಳೂರಿಗೆ ಫೋನು ಮಾಡಿ ತಿಪ್ಪೇಸ್ವಾಮಿಯವರ ಕ್ಷಮೆ ಕೇಳಿದೆ. ಅವರು ಜೋರಾಗಿ ನಕ್ಕು, "ತಮ್ಮ ಅಲ್ದಿದ್ರೆ ಏನಾತು ಬಿಡ್ರಿ ಸರ್. ಗೃಹಪ್ರವೇಶಕ್ಕೆ ಕರೀರಿ, ಬಾವಿ ನೋಡ್ಕಂಡು ಹೋಗ್ತೀನಿ" ಎಂದರು.

ಕರಾರಿನ ಅವಧಿ ಮುಗಿಯಲು ಎರಡೇ ದಿನ ಇರುವಾಗ ನೋಂದಣಿ. ಆದರೆ ಒಂದು ತೊಡಕಿತ್ತು. ನನ್ನ ಮೊಹರು ಹೊತ್ತ ಪತ್ರ ಬ್ಯಾಂಕಿನ ಕಡತದಲ್ಲಿ ಸೇರಿಹೋಗಿತ್ತಲ್ಲ. ತಕರಾರು ಬರವಣಿಗೆಯಲ್ಲಿ ಬಂದಿದ್ದರಿಂದ ಸ್ಪಷ್ಟನೆಯೂ ಬರವಣಿಗೆಯಲ್ಲೇ, ಕ್ರಯಪತ್ರದೊಳಗೇ ಬರಬೇಕು ಎಂದಳು ಕಾವ್ಯ. ನೋಂದಣಿ ಕಚೇರಿಯ ಎದುರಿನ ಪತ್ರ ಬರಹಗಾರರು ಕನ್ನಡಕ ಏರಿಸಿಕೊಂಡು, ನೆರೆದವರಿಗೆಲ್ಲ ಕೇಳುವಂತೆ ಓದಿದರು:

"ಮೂಲ ಕ್ರಯಪತ್ರದ ಚೆಕ್ಕುಬಂದಿಯಲ್ಲಿ ಬರುವ 'ತಮ್ಮ' ಎಂಬ ಪದವು ಅಂದಿನ ಖರೀದಿದಾರರನ್ನು ಗೌರವದಿಂದ ಸಂಬೋಧಿಸಿದ್ದೇ ಹೊರತು ಸಹೋದರನೆಂಬ ಅರ್ಥದ್ದಲ್ಲವೆಂದೂ, ಹಾಗೆ ಅರ್ಥ ಮಾಡಿದ್ದು ತಪ್ಪು ತಿಳಿವಳಿಕೆಯಿಂದ ಎಂದೂ ಈ ಮೂಲಕ ಸ್ಪಷ್ಟಪಡಿಸಲಾಗಿದೆ. ಸದರಿ ಸ್ವತ್ತನ್ನು ತಾವು ಆಚಂದ್ರಾರ್ಕವಾಗಿ ಅನುಭವಿಸಿಕೊಂಡು ಬರುವುದು."

ಸೂರ್ಯ ಚಂದ್ರ ಇರುವವರೆಗೆ! ನನ್ನ ಅಜ್ಞಾನಕ್ಕೆ ಸರ್ಕಾರವೇ ಮುದ್ರಾಂಕ ಹಾಕಿ, ನಂಬರು ಕೊಟ್ಟು, ಕಪಾಟಿನಲ್ಲಿ ಕಾಪಾಡುತ್ತದೆ.

ಸರೋಜ ಸಹಿ ಮಾಡಿದಳು. ಕೈಚೀಲದಲ್ಲಿ ಮೊಳೆಗಳು ಕಿಣಿಕಿಣಿ ಎಂದವು. ನೇರ ಹೊಸ ಮನೆಗೆ ಹೋಗುವವಳು, ಅವ್ವನ ಫೋಟೋವನ್ನೂ ತಂದಿದ್ದಳು. ನನಗೆ ಸಂತೋಷವೇ ಆಯಿತು, ಸುಳ್ಳು ಯಾಕೆ ಹೇಳಲಿ. ಆ ಸಂತೋಷದಲ್ಲಿ ಮೆಲ್ಲಗೆ ಹೊರಗೆ ಜಾರುತ್ತಿದ್ದೆ. ಪತ್ರ ಬರಹಗಾರರು ಕರೆದರು.

"ಮೇಷ್ಟ್ರೆ, ಎಲ್ಲಿಗೆ ಹೊಂಟ್ರಿ? ಸಾಕ್ಷಿ ಸಹಿ ಹಾಕ್ರಿ. ಹೆಸರು ಬರೆದೀನಿ. ಉದ್ಯೋಗ ಏನಂತ ಬರೀಲಿ?"

ನಾನು ಸುತ್ತ ನೋಡಿದೆ. ಹಾಲಪ್ಪ, ಕಾವ್ಯ, ಸರೋಜ, ಕಚೇರಿಯ ಸರದಿಯಲ್ಲಿದ್ದ ಹತ್ತಾರು ಜನ, ಎಲ್ಲರೂ ಕಿವಿಗೊಟ್ಟು ಕಾಯುತ್ತಿದ್ದರು.

"ಶಿಕ್ಷಕ ಅಂತ ಬರೆಯಿರಿ, ಸಾಕು" ಎಂದೆ, ಆದಷ್ಟು ಸಣ್ಣ ದನಿಯಲ್ಲಿ.

ಅವರು ಪೆನ್ನು ಹಿಡಿದು ತಲೆಯೆತ್ತಿದರು. "ಪೂರ್ತಿ ಹೇಳ್ರಿ ಮೇಷ್ಟ್ರೆ. ತಮ್ಮ ವಿಷಯ ಯಾವುದು?"